ಐ-864: ಅಣ್ಣನ ಮಗನ ಹೆಂಡತಿಗೆ ಚಿಕ್ಕಪ್ಪ ಜಾಮೀನು ನಿಲ್ಲಬಹುದೇ?

ಹುಡುಗ ಅಮೆರಿಕದ ಪ್ರಜೆ, ಓದು ಈಗಷ್ಟೇ ಮುಗಿದಿದೆ. ಹೆಂಡತಿ ಮೈಸೂರಿನಲ್ಲಿದ್ದಾಳೆ. ಅವಳ ವೀಸಾಕ್ಕೆ ತೋರಿಸಬೇಕಾದಷ್ಟು ಆದಾಯ ಅವನಿಗಿಲ್ಲ. ಡಲ್ಲಾಸ್‌ನ ಚಿಕ್ಕಪ್ಪನಿಗೆ ಫೋನು ಹೋಗುತ್ತದೆ: ‘ಜಂಟಿ ಸ್ಪಾನ್ಸರ್ ಅಂತ ಒಂದು ಸಹಿ ಹಾಕಿಬಿಡಿ, ಅಷ್ಟೇ.’ ಸಹಿ ಬೀಳುವುದು ಐ-864ಕ್ಕೆ: ಬರುವವಳ ಆದಾಯ ಬಡತನ ರೇಖೆಯ ಶೇ 125ಕ್ಕಿಂತ ಕೆಳಗಿಳಿದರೆ ಕೊರತೆ ತುಂಬಿಕೊಡುತ್ತೇನೆ ಎಂದು ಅಮೆರಿಕ ಸರ್ಕಾರಕ್ಕೆ ಬರೆದುಕೊಡುವ ಪತ್ರ ಅದು.

ಪರ: ಲೆಕ್ಕ ಕೂಡಿದರೆ ಹಾಕಿ

ಕಾನೂನು ಕೇಳುವುದು ಫೆಡರಲ್ ಬಡತನ ರೇಖೆಯ ಶೇ 125ರಷ್ಟು ಆದಾಯ. ಅಲಾಸ್ಕಾ, ಹವಾಯಿ ಬಿಟ್ಟು ಉಳಿದ ರಾಜ್ಯಗಳಿಗೆ 2025ರ ಪಟ್ಟಿಯಲ್ಲಿ ಇಬ್ಬರ ಮನೆಗೆ 26,437 ಡಾಲರ್, ಐವರ ಮನೆಗೆ 47,062 ಡಾಲರ್ ಇತ್ತು. ಚಿಕ್ಕಪ್ಪ, ಚಿಕ್ಕಮ್ಮ, ಇಬ್ಬರು ಮಕ್ಕಳು, ಬರಲಿರುವ ಸೊಸೆ: ಒಟ್ಟು ಐದು. ಹಿಂದೆ ಬೇರೆ ಯಾರಿಗಾದರೂ ಸಹಿ ಹಾಕಿದ್ದು ಇನ್ನೂ ಜಾರಿಯಲ್ಲಿದ್ದರೆ ಅವರನ್ನೂ ಎಣಿಸಬೇಕು. ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲೇ.

ಚಿಕ್ಕಪ್ಪ ಪ್ರಜೆಯಾಗಿರಬೇಕು ಇಲ್ಲವೇ ಗ್ರೀನ್ ಕಾರ್ಡ್ ಇರಬೇಕು. ಎಚ್-1ಬಿ ಉದ್ಯೋಗ ವೀಸಾದಲ್ಲಿರುವವರ ಸಹಿ, ಸಂಬಳ ಎಷ್ಟಿದ್ದರೂ ನಡೆಯದು. ಬೇಕಾದ ಕಾಗದ ನಾಲ್ಕೇ: ಐ-864, ಪೌರತ್ವದ ಅಥವಾ ಗ್ರೀನ್ ಕಾರ್ಡಿನ ಪ್ರತಿ, ಕಳೆದ ವರ್ಷದ ಐಆರ್‌ಎಸ್ ಟ್ರಾನ್ಸ್‌ಕ್ರಿಪ್ಟ್ (ತೆರಿಗೆ ಇಲಾಖೆ ಕೊಡುವ ರಿಟರ್ನ್‌ನ ಸಾರಾಂಶ, ಆನ್‌ಲೈನಿನಲ್ಲಿ ಪುಕ್ಕಟೆ), ಡಬ್ಲ್ಯೂ-2 (ಕೆಲಸ ಕೊಟ್ಟವರು ನೀಡುವ ವರ್ಷದ ಸಂಬಳದ ಚೀಟಿ). ಗಂಡಹೆಂಡತಿ ಒಟ್ಟಿಗೆ ಟ್ಯಾಕ್ಸ್ ಫೈಲ್ ಮಾಡಿದ್ದರೆ ಡಬ್ಲ್ಯೂ-2 ಇಡಲೇಬೇಕು, ಯಾರ ಸಂಬಳ ಎಷ್ಟೆಂದು ತಿಳಿಯುವುದು ಅದರಿಂದಲೇ. ಚಿಕ್ಕಮ್ಮನ ಸಂಬಳವೂ ಲೆಕ್ಕಕ್ಕೆ ಬೇಕಾದರೆ ಆಕೆ ಐ-864ಎಗೆ ಸಹಿ ಹಾಕಬೇಕು. ನೋಟರಿ ಬೇಡ, ನಮ್ಮವರು ಅಭ್ಯಾಸಬಲದಿಂದ ಮಾಡಿಸುತ್ತಾರೆ. ಆದರೆ ಸಹಿ ಕೈಯಿಂದಲೇ ಆಗಬೇಕು, ಹೆಸರು ಟೈಪ್ ಮಾಡಿದರೆ ಸಾಲದು.

ಜಂಟಿ ಸ್ಪಾನ್ಸರ್ ಸಿಕ್ಕರೆಂದು ಹುಡುಗ ಕೈಕಟ್ಟಿ ಕೂರುವಂತಿಲ್ಲ. ಆದಾಯ ಸೊನ್ನೆಯಿದ್ದರೂ ಅವನದೇ ಐ-864 ಬೇರೆ ಇರಬೇಕು. ಅವನು ಬೆಂಗಳೂರಿನಲ್ಲೇ ನೆಲೆಸಿದ್ದರೆ, ವಾಸ್ತವ್ಯ ಅಮೆರಿಕದ್ದು ಅಥವಾ ಹೆಂಡತಿಯ ಜೊತೆಗೇ ಅಲ್ಲಿಗೆ ಮರಳುತ್ತೇನೆ ಎಂದು ಅವನೇ ತೋರಿಸಬೇಕು. ಆ ಕೊರತೆಯನ್ನು ಚಿಕ್ಕಪ್ಪ ತುಂಬಲಾಗದು. ಇದರಲ್ಲಿ ಒಂದು ತಪ್ಪಿದರೂ ಮುಂಬೈ ಕಾನ್ಸುಲೇಟ್‌ನಲ್ಲಿ ಸಂದರ್ಶನದ ದಿನ 221(ಜಿ) ಚೀಟಿ ಕೈಗೆ ಬರುತ್ತದೆ, ಕೇಸು ನಿಲ್ಲುತ್ತದೆ.

ಇನ್ನು ಅಪಾಯದ ಮಾತು. ಹೊಸದಾಗಿ ಗ್ರೀನ್ ಕಾರ್ಡ್ ಪಡೆದವರಿಗೆ ಮೆಡಿಕೇಡ್ (ಬಡವರ ಆರೋಗ್ಯ ವಿಮೆ), ಆಹಾರ ನೆರವಿನಂಥ ಫೆಡರಲ್ ಸೌಲಭ್ಯ ಸಾಮಾನ್ಯವಾಗಿ ಮೊದಲ ಐದು ವರ್ಷ ಸಿಗುವುದಿಲ್ಲ. ಆದ್ದರಿಂದ ಆ ನೆರವಿನ ಹಣಕ್ಕಾಗಿ ಸರ್ಕಾರ ಚಿಕ್ಕಪ್ಪನ ಬಾಗಿಲಿಗೆ ವಸೂಲಿಗೆ ಬರುವ ಸಂಭವ ಕಡಿಮೆ. ಸೊಸೆ ಕೆಲಸಕ್ಕೆ ಸೇರಿದರೆ ಅವಳ ದುಡಿಮೆ ಲೆಕ್ಕದಲ್ಲಿ ಕಳೆದು, ತುಂಬಿಕೊಡಬೇಕಾದದ್ದು ಏನೂ ಉಳಿಯದು.

ವಿರೋಧ: ಮೊದಲು ಆಸ್ತಿ ನೋಡಿ, ಸಹಿ ಆಮೇಲೆ

ಊರಿನಲ್ಲಿ ಸೊಸೈಟಿ ಸಾಲಕ್ಕೆ ಜಾಮೀನು ನಿಂತವನಿಗಾದರೂ ಕಂತು ಮುಗಿಯುವ ದಿನ ಗೊತ್ತಿರುತ್ತದೆ. ಐ-864ಕ್ಕೆ ಅಂಥ ತಾರೀಖಿಲ್ಲ. ಸೊಸೆ ಪ್ರಜೆಯಾಗಬೇಕು, ಇಲ್ಲವೇ 40 ಕ್ವಾರ್ಟರ್ (ಅಮೆರಿಕ ಸರ್ಕಾರ ದುಡಿಮೆ ಎಣಿಸುವ ಘಟಕ) ದುಡಿಮೆ ತುಂಬಬೇಕು, ಇಲ್ಲವೇ ಗ್ರೀನ್ ಕಾರ್ಡ್ ಬಿಟ್ಟು ದೇಶ ತೊರೆಯಬೇಕು. ಅವಳೋ ಸಹಿ ಹಾಕಿದವರೋ ತೀರಿಕೊಂಡರೂ ಹೊಣೆ ಮುಗಿಯುತ್ತದೆ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲವೆಂದು ನಮ್ಮವರಲ್ಲಿ ಅನೇಕರು ವರ್ಷಗಟ್ಟಲೆ ಗ್ರೀನ್ ಕಾರ್ಡಿನಲ್ಲೇ ಉಳಿಯುತ್ತಾರೆ. ಹಾಗಾಗಿ ಕೈಯಲ್ಲಿ ಉಳಿಯುವುದು 40 ಕ್ವಾರ್ಟರ್. ವರ್ಷಕ್ಕೆ ಹೆಚ್ಚೆಂದರೆ ನಾಲ್ಕು, ಅಂದರೆ ಹತ್ತು ವರ್ಷ.

ವಿಚ್ಛೇದನವಾದರೂ ಹೊಣೆ ಕಳಚುವುದಿಲ್ಲ. ಮದುವೆ ಇರುವವರೆಗೆ ಗಂಡ ದುಡಿದ ಕ್ವಾರ್ಟರ್‌ಗಳೂ ಅವಳ ಲೆಕ್ಕಕ್ಕೆ ಸೇರುತ್ತವೆ. ಸಂಸಾರ ಮುರಿದರೆ ಅವು ಕಳೆದುಹೋಗುತ್ತವೆ. ಸಹಿಯ ಬಿಸಿ ತಟ್ಟುವ ಹೊತ್ತಿಗೇ ಅದರ ಅವಧಿಯೂ ಉದ್ದವಾಗುತ್ತದೆ. ಹಣ ಕೇಳುವ ಬದಲು ಅವಳೇ ಕೆಲಸ ಹುಡುಕಿಕೊಳ್ಳಬಹುದಿತ್ತಲ್ಲ ಎಂಬ ವಾದವನ್ನು ಅಮೆರಿಕದ ಏಳನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ 2012ರಲ್ಲಿ ಒಪ್ಪಲಿಲ್ಲ. ಹುಡುಗನ ಹತ್ತಿರ ಹಣವಿಲ್ಲದಿದ್ದರೆ ಇಡೀ ಮೊತ್ತವನ್ನು ಚಿಕ್ಕಪ್ಪನಿಂದಲೇ ಕೇಳಬಹುದು.

ಇದಕ್ಕಿಂತ ಅಗ್ಗದ ದಾರಿ ಬಹಳ ಮನೆಗಳಲ್ಲಿ ಇದ್ದೇ ಇದೆ. ಪ್ರಜೆಯ ಹೆಂಡತಿಗೆ ಕೊರತೆಯ ಮೂರು ಪಟ್ಟು ಆಸ್ತಿ ತೋರಿಸಿದರೆ ಸಾಕು (ಗಂಡ ಗ್ರೀನ್ ಕಾರ್ಡಿನವನಾದರೆ ಐದು ಪಟ್ಟು). ಅವನ ಆದಾಯ 20,000 ಡಾಲರ್ ಎಂದುಕೊಳ್ಳಿ: ಇಬ್ಬರ ಮನೆಯ 26,437ಕ್ಕೆ ಕೊರತೆ 6,437, ಮೂರು ಪಟ್ಟು 19,311. ಹತ್ತಿರ ಹತ್ತಿರ 17 ಲಕ್ಷ ರೂಪಾಯಿ. ಹೆಂಡತಿಯ ಹೆಸರಲ್ಲಿ ಮೈಸೂರಿನ ಬ್ಯಾಂಕಿನಲ್ಲಿರುವ ಎಫ್‌ಡಿಯೂ ನಡೆಯುತ್ತದೆ. ಬ್ಯಾಂಕಿನ ಪತ್ರದಲ್ಲಿ ಖಾತೆ ತೆರೆದ ದಿನ, ಹಿಂದಿನ 12 ತಿಂಗಳ ಜಮೆ, ಈಗಿನ ಬಾಕಿ ಮೂರೂ ಇರಲಿ. ಸಂದರ್ಶನಕ್ಕೆ ಮುಂಚಿನ ವಾರ ದಿಢೀರನೆ ಬಂದು ಬಿದ್ದ ಹಣ ಕಂಡರೆ ಅಧಿಕಾರಿ ಮೂಲ ಕೇಳುತ್ತಾರೆ. ಸೈಟು ತೋರಿಸಬಹುದು, ಆದರೆ ವರ್ಷದೊಳಗೆ ಮಾರಿ ನಗದು ಮಾಡಲು ಸಾಧ್ಯವಿರಬೇಕು. ಮೌಲ್ಯಮಾಪಕರ ವರದಿಯೂ, ಮೇಲೆ ಸಾಲವಿಲ್ಲವೆಂಬುದಕ್ಕೆ ಇ.ಸಿ.ಯೂ ಬೇಕು. ಅಣ್ಣತಮ್ಮಂದಿರ ನಡುವೆ ಪಾಲಾಗದ ಹೊಲವನ್ನು ಪಟ್ಟಿಗೆ ಸೇರಿಸುವುದೇ ಬೇಡ. ಆದಾಯ ಪೂರ್ತಿ ಸೊನ್ನೆಯಾದರೆ ಮಾತ್ರ ಮೊತ್ತ 79,311 ಡಾಲರಿಗೆ ಏರುತ್ತದೆ, ಆಗ ಈ ದಾರಿ ದುಬಾರಿಯೇ ಸರಿ.

ಸಹಿ ಹಾಕಿದವರು ಮನೆ ಬದಲಿಸಿದಾಗ 30 ದಿನದೊಳಗೆ ವಿಳಾಸ ಬದಲಾವಣೆಯ ಫಾರ್ಮು ಐ-865 ಕಳಿಸಬೇಕೆಂದು ಫೋನು ಮಾಡಿದವರು ಹೇಳಿರುವುದಿಲ್ಲ. ತಪ್ಪಿದರೆ ದಂಡ 250 ಡಾಲರಿನಿಂದ ಶುರು. ಸಹಿ ಹಾಕಿಯೇ ಆಗಿದ್ದರೆ, ವೀಸಾ ಕೊಡುವ ಮುನ್ನ ಬರಹದಲ್ಲಿ ತಿಳಿಸಿ ಹಿಂದಕ್ಕೆ ಪಡೆಯಬಹುದು. ಪಾಸ್‌ಪೋರ್ಟಿಗೆ ವೀಸಾ ಬಿದ್ದ ಮೇಲೆ ಆ ಬಾಗಿಲು ಮುಚ್ಚಿತು.