ದುಡ್ಡಿಲ್ಲದ ಕಾಲೇಜಿಗೆ ಮಾನ್ಯತೆ ಯಾಕೆ?

2018ರ ಡಿಸೆಂಬರ್‌ನಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದ ಗ್ರೀನ್ಸ್‌ಬರೊ ಊರಿನ ಬೆನೆಟ್ ಕಾಲೇಜಿನ ಮಾನ್ಯತೆಯನ್ನು ರದ್ದು ಮಾಡಲು ದಕ್ಷಿಣ ರಾಜ್ಯಗಳ ಕಾಲೇಜು ಮಂಡಳಿ (ಚಿಕ್ಕದಾಗಿ ‘ಸ್ಯಾಕ್ಸ್’) ತೀರ್ಮಾನಿಸಿತು. ತಕರಾರು ಪಾಠದ ಬಗ್ಗೆ ಅಲ್ಲ, ದುಡ್ಡಿನ ಬಗ್ಗೆ. ಕಪ್ಪು ಹೆಣ್ಣುಮಕ್ಕಳಿಗಾಗಿ ಇರುವ ಆ ಕಾಲೇಜಿನಲ್ಲಿ ಆಗ ಐನೂರು ಜನವೂ ಓದುತ್ತಿರಲಿಲ್ಲ. 1964ಕ್ಕೆ ಮೊದಲು ಕಪ್ಪು ಜನರಿಗಾಗಿ ಹುಟ್ಟಿ ಇಂದಿಗೂ ಉಳಿದಿರುವ ಸುಮಾರು ನೂರು ಕಾಲೇಜುಗಳಲ್ಲಿ ಸಣ್ಣವುಗಳ ತಲೆಯ ಮೇಲೆ ಇದೇ ಕತ್ತಿ ತೂಗುತ್ತಿದೆ. ಹಣಕಾಸು ಸರಿಯಿಲ್ಲ ಎಂಬ ಕಾರಣಕ್ಕೆ ಮಾನ್ಯತೆ ಕಿತ್ತುಕೊಳ್ಳುವುದು ಸರಿಯೇ?

ಪರ: ಸರಿ, ಮೊದಲು ವಿದ್ಯಾರ್ಥಿ

ಮಾನ್ಯತೆ ಅಂದರೆ ಗೋಡೆಗೆ ತೂಗುಹಾಕುವ ಪ್ರಮಾಣಪತ್ರವಲ್ಲ. ಬಡ ಮಕ್ಕಳಿಗೆ ಫೆಡರಲ್ ಸರ್ಕಾರ ಕೊಡುವ ಪೆಲ್ ಗ್ರ್ಯಾಂಟ್ ಆಗಲಿ, ವಿದ್ಯಾರ್ಥಿ ಸಾಲವಾಗಲಿ ಮಾನ್ಯತೆ ಇರುವ ಕಾಲೇಜಿಗೆ ಮಾತ್ರ ಸಿಗುತ್ತದೆ. ಅಂದರೆ ಮಂಡಳಿ ಆ ದುಡ್ಡಿಗೆ ಜಾಮೀನು ನಿಂತ ಹಾಗೆ. ಜಾಮೀನು ನಿಲ್ಲುವವರು ಲೆಕ್ಕದ ಪುಸ್ತಕ ನೋಡಬಾರದು ಅಂದರೆ ಹೇಗೆ?

ಅಟ್ಲಾಂಟಾದ ಮಾರಿಸ್ ಬ್ರೌನ್ ಕಾಲೇಜಿನಲ್ಲಿ ನಡೆದದ್ದನ್ನು ನೆನೆಯಿರಿ. 2002ರಲ್ಲಿ ಅದರ ಮಾನ್ಯತೆ ಹೋಯಿತು. ಬಿಟ್ಟುಹೋದ, ಸೇರಿಯೇ ಇಲ್ಲದ ವಿದ್ಯಾರ್ಥಿಗಳ ಹೆಸರಿನಲ್ಲಿ ಸರ್ಕಾರದ ನೆರವು ಪಡೆದು ಕಾಲೇಜಿನ ಬೇರೆ ಖರ್ಚಿಗೆ ಬಳಸಿದ್ದು ಬಯಲಾಗಿ, 2006ರಲ್ಲಿ ಹಿಂದಿನ ಅಧ್ಯಕ್ಷೆಯೇ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡರು. ಸ್ವಂತ ಜೇಬಿಗಲ್ಲ, ಕಾಲೇಜಿಗೇ ಖರ್ಚು ಮಾಡಿದರು ಎನ್ನುವವರಿದ್ದಾರೆ. ಸಾಲದ ಹೊರೆ ಹೊತ್ತ ಹುಡುಗನಿಗೆ ಅದರಿಂದ ಏನು ಸಮಾಧಾನ?

ರಾಲಿಯ ಸೇಂಟ್ ಆಗಸ್ಟೀನ್ಸ್ ವಿಶ್ವವಿದ್ಯಾಲಯ 1867ರಷ್ಟು ಹಳೆಯದು. 2024ರಲ್ಲಿ ಅಲ್ಲಿನ ನೌಕರರಿಗೆ ಸಂಬಳವೇ ಸರಿಯಾಗಿ ಆಗಲಿಲ್ಲ. ಹಿಂದೆ ಸಾವಿರಕ್ಕೂ ಹೆಚ್ಚಿದ್ದ ವಿದ್ಯಾರ್ಥಿಗಳು ಇನ್ನೂರರ ಆಸುಪಾಸಿಗೆ ಇಳಿದರು. ಮೇಷ್ಟರಿಗೆ ಸಂಬಳ ಇಲ್ಲದ ಕಡೆ ಪಾಠ ಮಾತ್ರ ಚೆನ್ನಾಗಿರುತ್ತದೆ ಎಂದು ನಂಬುವುದು ಕಷ್ಟ.

ಇದೆಲ್ಲ ಬಣ್ಣ ನೋಡಿ ಮಾಡಿದ್ದು ಅನ್ನುವುದೂ ಅವಸರದ ಮಾತು. ಬೆನೆಟ್ ತೀರ್ಮಾನದ ಹೊತ್ತಿಗೆ ಸ್ಯಾಕ್ಸ್‌ನ ಅಧ್ಯಕ್ಷೆಯಾಗಿದ್ದವರು ಬೆಲ್ ವೀಲನ್, ಆ ಹುದ್ದೆಗೇರಿದ ಮೊದಲ ಕಪ್ಪು ಮಹಿಳೆ. ಮೇಲಾಗಿ ಏಕಾಏಕಿ ಏನೂ ಆಗುವುದಿಲ್ಲ: ಎಚ್ಚರಿಕೆ ಇರುತ್ತದೆ, ತಿದ್ದಿಕೊಳ್ಳಲು ಎರಡು ವರ್ಷದ ಪರೀಕ್ಷಾವಧಿ ಇರುತ್ತದೆ, ಮೇಲ್ಮನವಿ ಇರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಿ ಎಂದು ಇದಕ್ಕಿಂತ ಮೆತ್ತಗೆ ಹೇಳಲು ಬರುವುದಿಲ್ಲ.

ವಿರೋಧ: ಸರಿಯಲ್ಲ, ಹಾಸಿಗೆಯ ಲೆಕ್ಕವೂ ಆಗಲಿ

ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು, ಒಪ್ಪಿದೆ. ಆ ಹಾಸಿಗೆ ಅಷ್ಟು ಗಿಡ್ಡ ಯಾಕಾಯಿತು ಅಂತಲೂ ಕೇಳಬೇಕಲ್ಲ.

ಬೆನೆಟ್ ಶುರುವಾದದ್ದು 1873ರಲ್ಲಿ, ಒಂದು ಮೆಥಡಿಸ್ಟ್ ಚರ್ಚಿನ ನೆಲಮಾಳಿಗೆಯಲ್ಲಿ, ಆಗತಾನೇ ಗುಲಾಮಗಿರಿಯಿಂದ ಹೊರಬಂದವರಿಗಾಗಿ. ಇಂಥ ಕಾಲೇಜುಗಳನ್ನು ಇಂದು ಅಳೆಯುವ ಇದೇ ದಕ್ಷಿಣದ ಸಂಘ 1930ರವರೆಗೆ ಅವುಗಳ ಕಡೆ ಕಣ್ಣೆತ್ತಿ ನೋಡಲಿಲ್ಲ. ನೋಡಿದ ಮೇಲೂ ಪಟ್ಟಿ ಬೇರೆ, ಬಿಳಿಯರ ಪಕ್ಕದಲ್ಲಿ ಜಾಗವಿಲ್ಲ. ಸದಸ್ಯತ್ವ ಸಿಕ್ಕಿದ್ದು 1957ರಲ್ಲಿ. ಅಷ್ಟು ಕಾಲ ಅಲ್ಲಿ ಓದಿ ಹೊರಬಂದವರು ಹೆಚ್ಚಾಗಿ ಮೇಷ್ಟರು, ಪಾದ್ರಿಗಳು, ದಾದಿಯರು. ಕಾಲೇಜಿಗೆ ಕೋಟಿಗಟ್ಟಲೆ ಬರೆದುಕೊಡುವ ಹಳೆಯ ವಿದ್ಯಾರ್ಥಿಗಳು ಎಲ್ಲಿಂದ ಬರಬೇಕು? 2018ರಲ್ಲಿ ಹಾರ್ವರ್ಡ್‌ನ ದತ್ತಿನಿಧಿ 39 ಬಿಲಿಯನ್ ಡಾಲರ್ ದಾಟಿತ್ತು. ಆರ್ಥಿಕ ಹಿಂಜರಿತ ಬಂದರೆ ಅವರಿಗೆ ನೆಗಡಿ, ಇವರಿಗೆ ನ್ಯುಮೋನಿಯಾ.

ಲೆಕ್ಕ ನೋಡಬೇಡಿ ಎಂದು ಯಾರೂ ಹೇಳುತ್ತಿಲ್ಲ. ಕಳ್ಳಲೆಕ್ಕ ಬರೆದವರಿಗೆ ಶಿಕ್ಷೆಯಾಗಲಿ. ಆದರೆ ಬೆನೆಟ್ ಕಳ್ಳತನ ಮಾಡಿರಲಿಲ್ಲ, ಬಡತನದಲ್ಲಿತ್ತು. ಎರಡಕ್ಕೂ ಒಂದೇ ಮದ್ದೇ?

ತೀರ್ಪು ಬಂದ ಮೇಲೆ ಆ ಕಾಲೇಜು ಮಾಡಿದ್ದನ್ನು ನೋಡಿ. ಎರಡೇ ತಿಂಗಳಲ್ಲಿ 50 ಲಕ್ಷ ಡಾಲರ್ ಕೂಡಿಸುತ್ತೇವೆ ಎಂದು ಜೋಳಿಗೆ ಹಿಡಿದು ಹೊರಟಿತು. ಪಕ್ಕದ ಹೈ ಪಾಯಿಂಟ್ ವಿಶ್ವವಿದ್ಯಾಲಯ 10 ಲಕ್ಷ ಕೊಟ್ಟಿತು. ಚರ್ಚುಗಳು, ಹಳೆಯ ವಿದ್ಯಾರ್ಥಿನಿಯರು, ಗುರುತು ಪರಿಚಯವಿಲ್ಲದವರು ಕೈಲಾದಷ್ಟು ಹಾಕಿದರು. ಕೊನೆಗೆ ಸೇರಿದ್ದು 95 ಲಕ್ಷ. ಆದರೂ 2019ರ ಫೆಬ್ರವರಿಯಲ್ಲಿ ಮೇಲ್ಮನವಿ ಬಿದ್ದುಹೋಯಿತು, ಆರ್ಥಿಕ ತಳಹದಿ ಗಟ್ಟಿಯಾಗಿಲ್ಲವಂತೆ. ಕಾಲೇಜು ಕೋರ್ಟಿಗೆ ಹೋಗಿ ಮಾನ್ಯತೆಯನ್ನು ಸದ್ಯಕ್ಕೆ ಉಳಿಸಿಕೊಂಡಿತು. ಆಮೇಲೆ ‘ಟ್ರಾಕ್ಸ್’ ಎಂಬ ಕ್ರೈಸ್ತ ಕಾಲೇಜುಗಳ ಮಾನ್ಯತಾ ಸಂಸ್ಥೆಯ ಕಡೆ ಹೊರಳಿತು.

ಈ ಪದ್ಧತಿಯ ದೊಡ್ಡ ದೋಷ ಇಲ್ಲಿದೆ. ಕಾಲೇಜು ಪರೀಕ್ಷಾವಧಿಯಲ್ಲಿದೆ ಎಂಬ ಸುದ್ದಿ ಪತ್ರಿಕೆಗೆ ಬಂದ ದಿನವೇ ಮಗಳನ್ನು ಅಲ್ಲಿಗೆ ಸೇರಿಸುವ ಯೋಚನೆಯನ್ನು ತಂದೆತಾಯಿ ಬಿಡುತ್ತಾರೆ. ಸೇರುವವರು ಕಡಿಮೆಯಾದರೆ ಶುಲ್ಕ ಕಡಿಮೆ, ಶುಲ್ಕ ಕಡಿಮೆಯಾದರೆ ಲೆಕ್ಕ ಇನ್ನೂ ಕೆಡುತ್ತದೆ. ಮರುವರ್ಷ ಬಂದ ತಂಡ ‘ಹೇಳಿದ್ದೆವಲ್ಲ’ ಎನ್ನುತ್ತದೆ. ಬಿದ್ದವರಿಗೆ ಆಳಿಗೊಂದು ಕಲ್ಲು.

ಉಳಿದುಕೊಳ್ಳಲು ಫಿಸ್ಕ್ ಎಂಬ ಇನ್ನೊಂದು ಕಪ್ಪು ವಿಶ್ವವಿದ್ಯಾಲಯ ಮನೆಯ ಒಡವೆಗೆ ಕೈಹಾಕಬೇಕಾಯಿತು. ಚಿತ್ರಕಲಾವಿದೆ ಜಾರ್ಜಿಯಾ ಓಕೀಫ್ 1949ರಲ್ಲಿ ನ್ಯಾಶ್‌ವಿಲ್‌ನ ಆ ವಿಶ್ವವಿದ್ಯಾಲಯಕ್ಕೆ, ಮಾರಕೂಡದೆಂಬ ಷರತ್ತಿನೊಂದಿಗೆ, 101 ಕಲಾಕೃತಿಗಳ ಸಂಗ್ರಹ ಕೊಟ್ಟಿದ್ದರು. ವರ್ಷಗಟ್ಟಲೆ ಕೋರ್ಟು ಅಲೆದು, 2012ರಲ್ಲಿ ಅದರ ಅರ್ಧ ಪಾಲನ್ನು ಅರ್ಕನ್ಸಾದ ಕ್ರಿಸ್ಟಲ್ ಬ್ರಿಡ್ಜಸ್ ವಸ್ತುಸಂಗ್ರಹಾಲಯಕ್ಕೆ 3 ಕೋಟಿ ಡಾಲರಿಗೆ ಮಾರಿತು. ಆ ಚಿತ್ರಗಳು ಈಗ ಎರಡು ವರ್ಷ ಅಲ್ಲಿ, ಎರಡು ವರ್ಷ ಇಲ್ಲಿ. ಇದ್ದ ಒಡವೆಯಿಂದ ಫಿಸ್ಕ್ ಬಚಾವಾಯಿತು. ವರ್ಜೀನಿಯಾದ ಸೇಂಟ್ ಪಾಲ್ಸ್ ಕಾಲೇಜಿನ ಹತ್ತಿರ ಅಂಥದ್ದೇನೂ ಇರಲಿಲ್ಲ. 2012ರಲ್ಲಿ ಮಾನ್ಯತೆ ಹೋಯಿತು, 2013ರಲ್ಲಿ ಬಾಗಿಲು ಬಿತ್ತು. ನಡುವೆ ಅದನ್ನು ತನ್ನೊಳಗೆ ಸೇರಿಸಿಕೊಳ್ಳುತ್ತೇನೆಂದು ಬಂದು, ಆಮೇಲೆ ಹಿಂದೆ ಸರಿದದ್ದು ಯಾರು? ಮೇಲೆ ಹೇಳಿದ ಅದೇ ಸೇಂಟ್ ಆಗಸ್ಟೀನ್ಸ್. ಹತ್ತು ವರ್ಷ ಕಳೆಯುವುದರಲ್ಲಿ ಸರದಿ ಅದರದ್ದೇ ಆಯಿತು.

ಬೇರೆ ದಾರಿ ಇಲ್ಲದೇ ಇಲ್ಲ. ‘ಮೊದಲು ವಿದ್ಯಾರ್ಥಿಯ ಖಾತೆಗೆ ನೀವು ಜಮಾ ಮಾಡಿ, ಆಮೇಲೆ ನಾವು ಕೊಡುತ್ತೇವೆ’ ಎಂದು ಕಾಲೇಜಿಗೆ ಲಗಾಮು ಹಾಕುವ ಕ್ರಮ ಅಮೆರಿಕದ ಶಿಕ್ಷಣ ಇಲಾಖೆಯಲ್ಲಿ ಈಗಾಗಲೇ ಇದೆ. ದುಡ್ಡಿನ ಕಾವಲನ್ನು ಅದಕ್ಕೆ ಬಿಟ್ಟು, ಪಾಠದ ಮಟ್ಟ ನೋಡುವುದನ್ನು ಮಂಡಳಿ ಇಟ್ಟುಕೊಳ್ಳಬಹುದು.

ಮಾರಿಸ್ ಬ್ರೌನ್‌ಗೆ ಟ್ರಾಕ್ಸ್‌ನಿಂದ ಮತ್ತೆ ಮಾನ್ಯತೆ ಸಿಕ್ಕಿತು, 2022ರ ಏಪ್ರಿಲ್‌ನಲ್ಲಿ. ತಪ್ಪು ಮಾಡಿದವರು ಎಂದೋ ಹೋಗಿಯಾಗಿತ್ತು, ಶಿಕ್ಷೆ ಮಾತ್ರ ಇಪ್ಪತ್ತು ವರ್ಷ ಅಲ್ಲೇ ನಿಂತಿತ್ತು. ಮಾನ್ಯತೆ ಹೋದಾಗ ಸುಮಾರು 2,500 ಇದ್ದ ವಿದ್ಯಾರ್ಥಿಗಳು ಅದು ಮರಳುವಾಗ ನೂರೂ ಇರಲಿಲ್ಲ. ಒಂದು ಕಾಲಕ್ಕೆ ಕಪ್ಪು ಚಿಂತಕ ಡಬ್ಲ್ಯೂ. ಇ. ಬಿ. ಡುಬಾಯ್ಸ್ ಕೂತು ಬರೆಯುತ್ತಿದ್ದ, ಆ ಕಾಲೇಜಿನ ಫೌಂಟನ್ ಹಾಲ್, ಆ ವರ್ಷಗಳಲ್ಲಿ ಬೀಗ ಹಾಕಿದ ಪಾಳುಕಟ್ಟಡವಾಗಿತ್ತು.