ಅಂಕೋಲೆ, ಸಿದ್ದಾಪುರದವರು ಬರೀ ಉಪ್ಪು ಮಾಡಿ ಸುಮ್ಮನಾಗಲಿಲ್ಲ

ಸ್ವಾತಂತ್ರ್ಯ ಹೋರಾಟದ ಅಹಿಂಸಾ ಚಳವಳಿ ಕುರಿತ ನಿಮ್ಮ ಲೇಖನ ಇಷ್ಟವಾಯಿತು. ಆದರೆ ಆ ಚಳವಳಿ ಬಹುಪಾಲು ಸಾಂಕೇತಿಕ, ಜನ ಕಳೆದುಕೊಂಡದ್ದು ಕಡಿಮೆ ಎಂದು ಬರೆದಿದ್ದೀರಲ್ಲ, ಅದನ್ನು ಮಾತ್ರ ಒಪ್ಪಲಾರೆ. ಉತ್ತರ ಕನ್ನಡದ ಕರ ನಿರಾಕರಣೆಯನ್ನು ಒಮ್ಮೆ ನೋಡಿ.

1930ರ ಏಪ್ರಿಲ್‌ನಲ್ಲಿ ಅಂಕೋಲೆಯವರು ಉಪ್ಪಿನ ಕಾನೂನು ಮುರಿದರು. ಅಲ್ಲಿಗೇ ನಿಂತಿದ್ದರೆ ನಿಮ್ಮ ಮಾತು ಸರಿ ಅನ್ನಬಹುದಿತ್ತೇನೋ. ಆಮೇಲೆ ಅಂಕೋಲೆ, ಸಿದ್ದಾಪುರದ ರೈತರು ಭೂಕಂದಾಯವನ್ನೇ ಕಟ್ಟುವುದಿಲ್ಲ ಎಂದು ಪಟ್ಟು ಹಿಡಿದರು. ಸರ್ಕಾರ ಮನೆಯ ಸಾಮಾನು ಜಪ್ತಿ ಮಾಡಿತು, ಜಮೀನು ಹರಾಜಿಗಿಟ್ಟಿತು. ಸಿದ್ದಾಪುರ ಅಡಿಕೆಯ ನಾಡು. ಗದ್ದೆಯಾದರೆ ಮುಂದಿನ ಮಳೆಗೆ ಮತ್ತೆ ಬಿತ್ತಬಹುದು, ಕೈತಪ್ಪಿದ ಅಡಿಕೆ ತೋಟವನ್ನು ಮತ್ತೆ ಎಬ್ಬಿಸಲು ವರ್ಷಗಟ್ಟಲೆ ಬೇಕು. ಇದೆಲ್ಲ ಗೊತ್ತಿದ್ದೇ ಅವರು ಕಂದಾಯ ಕಟ್ಟಲಿಲ್ಲ.

ಇನ್ನು ಬಹಿಷ್ಕಾರ ಎಂದರೆ ನಿಮ್ಮ ಲೇಖನದಲ್ಲಿ ಬರೀ ವಿದೇಶಿ ಬಟ್ಟೆ. ಇಲ್ಲಿ ಅದು ಹರಾಜಿನ ಜಮೀನಿನವರೆಗೂ ಹೋಯಿತು: ಸಿದ್ದಾಪುರದ ಮಾವಿನಗುಂಡಿಯಲ್ಲಿ ಹೆಂಗಸರು, ಹರಾಜಿನಲ್ಲಿ ಆಸ್ತಿ ಕೊಂಡವರ ಮನೆ ಮುಂದೆ ಉಪವಾಸ ಕೂತರು. ಪೊಲೀಸರ ಎದುರು ನಿಲ್ಲುವುದು ಒಂದು, ದಿನಾ ಮುಖ ನೋಡುವ ನೆರೆಯವರ ಬಾಗಿಲಲ್ಲಿ ಹಸಿದು ಕೂರುವುದು ಇನ್ನೊಂದು. ಎರಡನೆಯದೇ ಜಾಸ್ತಿ ಕಷ್ಟ ಅಲ್ವಾ? ಅಲ್ಲಿ ಆ ಮಹಿಳೆಯರ ಸ್ಮಾರಕ ಇದೆ, ಜೋಗಕ್ಕೆ ಹೋಗುವವರು ದಯವಿಟ್ಟು ಒಂದು ನಿಮಿಷ ನಿಂತು ನೋಡಿ.

ಜಮೀನು ವಾಪಸ್ ಕೊಡಿಸುವ ಕೆಲಸ ಶುರುವಾದದ್ದು 1937ರಲ್ಲಿ, ಉತ್ತರ ಕನ್ನಡ ಆಗ ಸೇರಿದ್ದ ಮುಂಬಯಿ ಪ್ರಾಂತ್ಯದಲ್ಲಿ ಕಾಂಗ್ರೆಸ್ ಸರ್ಕಾರ ಬಂದ ಮೇಲೆ. ಅಲ್ಲಿಯವರೆಗೆ ಆ ಮನೆಗಳಲ್ಲಿ ಒಲೆ ಹೇಗೆ ಉರಿಯಿತು ಎಂಬುದನ್ನೂ ಬರೆಯಬೇಕಿತ್ತು. ಗುಜರಾತಿನ ದಂಡಿ, ಬಾರ್ಡೋಲಿಯ ಸತ್ಯಾಗ್ರಹಗಳಿಗೆ ಅಷ್ಟು ಜಾಗ ಕೊಟ್ಟಿದ್ದೀರಿ, ಇವರಿಗೂ ಒಂದು ಪ್ಯಾರಾ ಕೊಡಿ.