ಹಿಡಿಯಿಲ್ಲದ ಬಾಗಿಲು

ಕಳೆದ ಆಯುಧಪೂಜೆಯ ಬೆಳಿಗ್ಗೆ ನಮ್ಮ ಸೋದರತ್ತೆ ನನ್ನ ಅಣ್ಣನ ಮಗನ ಹೊಸ ಕಾರಿನ ಪಕ್ಕದಲ್ಲಿ ನಿಂತು, ಎಡಗೈಯಲ್ಲಿ ಕುಂಕುಮದ ಬಟ್ಟಲನ್ನು ಹಿಡಿದು, ಬಲಗೈಯಿಂದ ಹಿಂಬಾಗಿಲನ್ನು ಮೇಲಿಂದ ಕೆಳಕ್ಕೆ ಸವರುತ್ತಿದ್ದರು. ದೂರದಿಂದ ನೋಡಿದ ನನಗೆ ಅವರು ಕಾರಿಗೆ ದೃಷ್ಟಿ ತೆಗೆಯುತ್ತಿದ್ದಾರೆಂದೇ ಅನ್ನಿಸಿತು. ಹತ್ತಿರ ಹೋದ ಮೇಲೆ ತಿಳಿಯಿತು, ಅವರು ಬಾಗಿಲು ತೆಗೆಯುವ ಹಿಡಿಯನ್ನು ಹುಡುಕುತ್ತಿದ್ದರು. ನಾನೂ ಹುಡುಕಿದೆ. ಮುಂಬಾಗಿಲಿಗೆ ಎಲ್ಲ ಕಾರುಗಳಂತೆ ಹಿಡಿ ಇತ್ತು. ಹಿಂಬಾಗಿಲು ಮಾತ್ರ ಹೊಸದಾಗಿ ಗಾರೆ ಮಾಡಿದ ಗೋಡೆಯಂತೆ ನುಣ್ಣಗಿತ್ತು.

"ಬಾಗಿಲು ಅಂತ ಮಾಡಿದ ಮೇಲೆ ಅದನ್ನ ತೆಗೆಯೋದು ಹೇಗೆ ಅಂತಾನೂ ಯೋಚನೆ ಮಾಡಬೇಕಲ್ವೇನೋ?" ಎಂದು ಅತ್ತೆ ನನ್ನನ್ನೇ ಕೇಳಿದರು, ಆ ಕಾರನ್ನು ನಾನೇ ಮಾಡಿದೆನೋ ಎಂಬಂತೆ.

ಅಷ್ಟರಲ್ಲಿ ಹುಡುಗ ಓಡಿ ಬಂದು, ಕಿಟಕಿಯ ಹಿಂತುದಿಯಲ್ಲಿ, ಗಾಜಿನ ಬಣ್ಣಕ್ಕೇ ಹೊಂದಿಕೊಂಡಿದ್ದ ಕಪ್ಪು ಪ್ಲಾಸ್ಟಿಕ್ಕಿನ ಸಂದಿಗೆ ಎರಡು ಬೆರಳು ತೂರಿಸಿ ಬಾಗಿಲು ತೆಗೆದ. "ಕಾನ್ಸೆಪ್ಟ್ ಕಾರಿನಲ್ಲೂ ಹೀಗೇ ಇತ್ತು ಚಿಕ್ಕಪ್ಪ. ಅದನ್ನ ಹಾಗೇ ಉಳಿಸಿಕೊಂಡಿದ್ದಾರೆ" ಎಂದು, ಮನೆತನದ ಹಳೆಯ ಒಡವೆಯ ಮಾತನ್ನಾಡುವವನ ಹೆಮ್ಮೆಯಿಂದ ಹೇಳಿದ. ಕಾನ್ಸೆಪ್ಟ್ ಕಾರು ಎಂದರೆ ಮಾರುವುದಕ್ಕಲ್ಲದೆ, ಪ್ರದರ್ಶನದಲ್ಲಿ ನಿಲ್ಲಿಸಿ ತೋರಿಸಲೆಂದೇ ಮಾಡುವ ಮಾದರಿ ಕಾರು. ನನಗೆ ಸಿಟ್ಟು ಬಂದದ್ದು ಆ "ಹಾಗೇ" ಎಂಬ ಪದಕ್ಕೆ. ಅವನು ಫೋನಿನಲ್ಲಿ ತೋರಿಸಿದ ಕಾನ್ಸೆಪ್ಟ್ ಕಾರಿನ ಚಿತ್ರಕ್ಕೂ ನಮ್ಮ ಅಂಗಳದಲ್ಲಿ ನಾಲ್ಕು ನಿಂಬೆಹಣ್ಣು ತುಳಿಯಲು ಸಿದ್ಧವಾಗಿ ನಿಂತಿದ್ದ ವಾಹನಕ್ಕೂ ನನ್ನ ಕಣ್ಣಿಗೆ ಕಂಡ ಹೋಲಿಕೆ ಎರಡೇ: ಹೆಸರು ಮತ್ತು ಹಿಡಿಯ ಅಭಾವ. ಚಿತ್ರದ ಕಾರು ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಬೇಟೆಗೆ ಹೊಂಚುವ ಚಿರತೆಯಂತಿತ್ತು. ಅಂಗಳದ ಕಾರು ಮಧ್ಯಾಹ್ನದ ಊಟ ಮುಗಿಸಿ ಎದ್ದವರಂತಿತ್ತು.

ಹಾರ್ಲಿ ಅರ್ಲ್ ಬದುಕಿದ್ದರೆ ಅವನ ಹತ್ತಿರ ಈ ದೂರನ್ನು ಒಯ್ಯಬಹುದಿತ್ತು. ಜನರಲ್ ಮೋಟರ್ಸ್‌ನ ವಿನ್ಯಾಸ ವಿಭಾಗದ ಮುಖ್ಯಸ್ಥನಾಗಿದ್ದ ಅವನು 1938ರಲ್ಲಿ ಮಾಡಿಸಿದ ಬ್ಯೂಕ್ ವೈ-ಜಾಬ್ ಎಂಬ ಕಾರನ್ನೇ ಕಾನ್ಸೆಪ್ಟ್ ಕಾರುಗಳ ಕುಲದ ಮೊದಲನೆಯದೆಂದು ಸಾಮಾನ್ಯವಾಗಿ ಹೇಳುತ್ತಾರೆ. ಬೇಡವಾದಾಗ ಕಣ್ಣು ಮುಚ್ಚಿಕೊಳ್ಳುವ ಹೆಡ್‌ಲೈಟು, ವಿದ್ಯುತ್ತಿನಿಂದ ಏರಿಳಿಯುವ ಕಿಟಕಿ, ಪಕ್ಕದ ಮೆಟ್ಟಿಲುಹಲಗೆಯನ್ನು ಕಿತ್ತೊಗೆದ ನೀಳವಾದ ಮೈ ಅದರದು. ಅದನ್ನು ಯಾರಿಗೂ ಮಾರಲಿಲ್ಲ. ಅರ್ಲ್ ತಾನೇ ವರ್ಷಗಟ್ಟಲೆ ಓಡಿಸಿಕೊಂಡು ತಿರುಗಿದ. ಈ ಒಂದು ಕಾರಣಕ್ಕೆ ನನಗೆ ಅವನ ಮೇಲೆ ಗೌರವವಿದೆ. ತಾನು ಬರೆಸಿದ ಚಿತ್ರದೊಳಗೆ ತಾನೇ ಕುಳಿತು ಕಚೇರಿಗೆ ಹೋದವನಿಗೆ ಅದರ ಸೀಟು ಬೆನ್ನಿಗೆ ಎಲ್ಲಿ ಒತ್ತುತ್ತದೆಂಬುದಾದರೂ ತಿಳಿದಿದ್ದೀತು. ಇನ್ನೊಂದು ಸ್ವಾರಸ್ಯವೆಂದರೆ, ಆ ಕಾರಿನ ಚಕ್ರಗಳು 13 ಇಂಚಿನವು. ಆ ಕಾಲದ ರೂಢಿಗಿಂತ ಸಣ್ಣವು.

ಈಗಿನ ಪ್ರದರ್ಶನಗಳಲ್ಲಿ ಚಕ್ರಗಳು ಮಾಗಡಿಯ ತೇರಿಗೆ ಅಳತೆ ಕೊಟ್ಟು ಮಾಡಿಸಿದಂತಿರುತ್ತವೆ. 2018ರ ಫೆಬ್ರವರಿಯಲ್ಲಿ ಗ್ರೇಟರ್ ನೊಯ್ಡಾದ ಆಟೊ ಎಕ್ಸ್‌ಪೊದಲ್ಲಿ ಟಾಟಾದವರು ಎಚ್5ಎಕ್ಸ್ ಎಂಬ ಕಾನ್ಸೆಪ್ಟನ್ನು 22 ಇಂಚಿನ ಚಕ್ರಗಳ ಮೇಲೆ ನಿಲ್ಲಿಸಿದ್ದರು. ವರ್ಷ ತುಂಬುವುದರೊಳಗೆ ಅದು ಹ್ಯಾರಿಯರ್ ಆಗಿ ಮಾರಾಟಕ್ಕೆ ಬಂದಾಗ ಚಕ್ರ 17 ಇಂಚಿಗೆ ಇಳಿದಿತ್ತು. ಐದು ಇಂಚು ಎಂದರೆ ಅರ್ಧ ಗೇಣಿಗೂ ಹೆಚ್ಚು. ಇದನ್ನು ನಾನು ಆಕ್ಷೇಪಿಸುವುದಿಲ್ಲ. ಅಂಥ ದೊಡ್ಡ ಚಕ್ರಕ್ಕೆ ಸುತ್ತುವ ತೆಳುಪಟ್ಟಿಯ ಟೈರು ನಮ್ಮ ಬೀದಿಯ ಹಂಪಿನ ಮೇಲೆ ಎಷ್ಟು ದಿನ ಬಾಳೀತು, ನಾಲ್ಕೂ ಟೈರು ಬದಲಿಸುವ ದಿನ ಮನೆಯಲ್ಲಿ ಯಾವ ಮಾತು ಬಂದೀತು ಎಂಬುದನ್ನು ಊಹಿಸಬಲ್ಲೆ. ಸ್ಟಿಯರಿಂಗ್ ತಿರುಗಿಸಿದಾಗ ಚಕ್ರ ಹೊರಳುವುದಕ್ಕೆ, ಗುಂಡಿಗೆ ಬಿದ್ದಾಗ ಮೇಲಕ್ಕೇಳುವುದಕ್ಕೆ ಜಾಗ ಬೇಕು. ಆದ್ದರಿಂದಲೇ ಮಾರಾಟದ ಕಾರುಗಳಲ್ಲಿ ಚಕ್ರಕ್ಕೂ ಅದರ ಮೇಲಿನ ಕಮಾನಿಗೂ ನಡುವೆ ಬೆಕ್ಕು ಮಲಗುವಷ್ಟು ಸಂದಿ ಇರುತ್ತದೆ, ನಮ್ಮ ಬೀದಿಯ ಬೆಕ್ಕುಗಳಿಗೆ ಅದು ತಿಳಿದೂ ಇದೆ.

ಉದ್ದದ ಮಾತೂ ಹೀಗೆಯೇ. ನಮ್ಮ ದೇಶದಲ್ಲಿ ನಾಲ್ಕು ಮೀಟರು ದಾಟದ ಸಣ್ಣ ಎಂಜಿನ್ನಿನ ಕಾರಿಗೆ ತೆರಿಗೆ ಕಡಿಮೆ. 2025ರ ಸೆಪ್ಟೆಂಬರಿನಿಂದ ಅದು ಶೇಕಡಾ 18, ದಾಟಿದರೆ ಶೇಕಡಾ 40. ಹಾಗಾಗಿ ಎಷ್ಟೋ ಕಾರುಗಳ ಉದ್ದ 3,995 ಮಿಲಿಮೀಟರಿಗೆ ಬಂದು ನಿಲ್ಲುತ್ತದೆ. ಮೂಗನ್ನೋ ಬಾಲವನ್ನೋ ಅಡಕತ್ತರಿಗೆ ಕೊಟ್ಟು ಕಚಕ್ಕೆನಿಸಿದ ಗುರುತು ಕೆಲವುಗಳಲ್ಲಿ ಎದ್ದು ಕಾಣುತ್ತದೆ. ತೆರಿಗೆಯವರು ಕಾರಿನ ರೂಪವನ್ನು ತಿದ್ದುವ ದೇಶದಲ್ಲಿ ಕಲಾವಿದನನ್ನು ಬಯ್ದು ಪ್ರಯೋಜನವಿಲ್ಲ.

ಕಾನ್ಸೆಪ್ಟ್ ಕಾರುಗಳಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಲ್ಯಾನ್ಸಿಯಾ ಸ್ಟ್ರಾಟೋಸ್ ಝೀರೊ. ಇದನ್ನು ಇಲ್ಲಿ ಹೇಳದೆ ಬಿಟ್ಟರೆ ಮತ್ತೆ ಸಂದರ್ಭ ಸಿಗಲಾರದು. 1970ರಲ್ಲಿ ಇಟಲಿಯ ಟ್ಯೂರಿನ್ ಪ್ರದರ್ಶನಕ್ಕೆಂದು ಬೆರ್ಟೊನೆ ಸಂಸ್ಥೆಯವರು ಮಾಡಿದ ಈ ಕಾರಿನ ವಿನ್ಯಾಸಕಾರ ಮಾರ್ಚೆಲ್ಲೊ ಗಾಂಡಿನಿ. ನೆಲದಿಂದ ನೆತ್ತಿಯವರೆಗೆ ಅದರ ಎತ್ತರ 84 ಸೆಂಟಿಮೀಟರು, ಅಂದರೆ ನಮ್ಮ ಅಡುಗೆಮನೆಯ ಕಟ್ಟೆಯಷ್ಟು. ಪಕ್ಕದಲ್ಲಿ ಬಾಗಿಲುಗಳೇ ಇಲ್ಲ. ಮುಂದಿನ ಗಾಜೇ ಬಾಗಿಲು. ಅದನ್ನು ಮೇಲಕ್ಕೆತ್ತಿ, ಮೂಗಿನ ಮೇಲೆ ಹಾಸಿದ ರಬ್ಬರಿನ ಮೇಲೆ ಕಾಲಿಟ್ಟು, ಒಳಗಿಳಿದು, ಕುಳಿತುಕೊಳ್ಳುವುದಕ್ಕಿಂತ ಹೆಚ್ಚಾಗಿ ಮಲಗಬೇಕು. ಬೆರ್ಟೊನೆಯ ಯಜಮಾನ ನೂಚ್ಚೊ ಬೆರ್ಟೊನೆ ಈ ಕಾರನ್ನು ಸ್ವತಃ ನಡೆಸಿಕೊಂಡು ಲ್ಯಾನ್ಸಿಯಾ ಕಾರ್ಖಾನೆಗೆ ಹೋದನೆಂದೂ, ಗೇಟಿನ ಅಡ್ಡಗಂಬವನ್ನು ಎತ್ತುವವರೆಗೆ ಕಾಯದೆ ಅದರ ಕೆಳಗಿನಿಂದಲೇ ನುಸುಳಿ ಒಳಗೆ ಸಾಗಿದನೆಂದೂ, ನೋಡುತ್ತಿದ್ದ ಕೆಲಸಗಾರರು ಚಪ್ಪಾಳೆ ತಟ್ಟಿದರೆಂದೂ ಒಂದು ಕಥೆಯಿದೆ.

ಈ ಕಥೆಯನ್ನು ಓದಿದಂದಿನಿಂದ ಆ ಕಾರನ್ನು ಮೈಸೂರು–ಬೆಂಗಳೂರು ಹೆದ್ದಾರಿಯ ಟೋಲ್ ಗೇಟಿಗೆ ಕರೆತರುವುದು ನನ್ನ ನಿತ್ಯದ ಮನರಂಜನೆಯಾಗಿದೆ. ಮುಂಗಾಜಿನ ಮೇಲೆ ಫಾಸ್ಟ್ಯಾಗ್ ಅಂಟಿಸಬೇಕೆಂಬುದು ನಿಯಮ. ಈ ಕಾರಿನಲ್ಲಿ ಮುಂಗಾಜು ಎಂದರೆ ಬಾಗಿಲು, ಅದೂ ಹೆಚ್ಚುಕಡಿಮೆ ಆಕಾಶಕ್ಕೆ ಮುಖ ಮಾಡಿ ಮಲಗಿರುವಂಥದು. ಯಂತ್ರ ಅದನ್ನು ಓದದಿದ್ದಾಗ ಸಿಬ್ಬಂದಿ ಕೈಯಲ್ಲಿ ಸ್ಕ್ಯಾನರ್ ಹಿಡಿದು ಬರುತ್ತಾರೆ. ವಾಹನ ಎಲ್ಲಿದೆಯೆಂದು ಸುತ್ತ ನೋಡುತ್ತಾರೆ. ಕೊನೆಗೆ ಮೊಣಕಾಲಿನ ಮಟ್ಟದಲ್ಲಿ ಕಾರು ಕಾಣುತ್ತದೆ. ಹಣ ಕೊಡಲು ಒಳಗಿದ್ದವರು ಬಾಗಿಲು ಎತ್ತಿದರೆ ಟ್ಯಾಗು ಬಾಗಿಲಿನೊಡನೆ ಮೇಲಕ್ಕೆ ಹೋಗುತ್ತದೆ. ಹಿಂದಿನ ಲಾರಿಯವನು ಹಾರ್ನ್ ಒತ್ತುತ್ತಾನೆ. ಇಷ್ಟಾಗುವಾಗ ಕಾರಿನೊಳಗೆ ನಮ್ಮ ಅತ್ತೆಯನ್ನೂ ಕೂರಿಸುತ್ತೇನೆ. ಒಂಬತ್ತು ಗಜದ ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ರಬ್ಬರಿನ ಮೇಲೆ ಕಾಲಿಡುವ ಮೊದಲು ಚಪ್ಪಲಿ ಬಿಡಬೇಕೋ ಬೇಡವೋ ಎಂದು ಕೇಳಿ, ಗಾಜಿನ ಮೂಲಕ ಒಳಗಿಳಿದು, ಮಡಿಲಿನಲ್ಲಿ ಕೋಸಂಬರಿಯ ಡಬ್ಬಿಯನ್ನಿಟ್ಟುಕೊಂಡು ಮಲಗಿದ ಅತ್ತೆ, ರಾಮನಗರದ ಬೆಟ್ಟಗಳನ್ನು ಕಾಲ್ಬೆರಳುಗಳ ನಡುವಿನಿಂದ ನೋಡುತ್ತಾ ಸಾಗುತ್ತಾರೆ. ಈ ಚಿತ್ರವನ್ನು ನಾನು ಅವರಿಗೆ ಒಮ್ಮೆ ವಿವರಿಸಿದಾಗ ಅವರು ನಗಲಿಲ್ಲ. "ಇಳಿಯೋವಾಗ ಯಾರು ಎತ್ತುತಾರೆ?" ಎಂದಷ್ಟೇ ಕೇಳಿದರು.

ಆ ಝೀರೊವಿನ ನಂತರ ಲ್ಯಾನ್ಸಿಯಾದವರು ಮಾರಾಟಕ್ಕೆ ತಂದ ಸ್ಟ್ರಾಟೋಸ್‌ಗೆ ಪಕ್ಕದಲ್ಲಿ ಎರಡು ಬಾಗಿಲುಗಳಿದ್ದವು, ಆ ಬಾಗಿಲುಗಳೊಳಗೆ ಹೆಲ್ಮೆಟ್ ಇಡಲು ಜಾಗವಿತ್ತು. ಮೊದಲ ಕಾರಿನಿಂದ ಅದಕ್ಕೆ ಬಂದದ್ದು ಹೆಸರು ಮತ್ತು ಒಂದಿಷ್ಟು ಧೈರ್ಯ ಮಾತ್ರ. ಅದು 1974ರಿಂದ 1976ರವರೆಗೆ ಮೂರು ವರ್ಷ ಬಿಡದೆ ವಿಶ್ವ ರ‍್ಯಾಲಿಯ ಪಟ್ಟವನ್ನು ಲ್ಯಾನ್ಸಿಯಾಗೆ ಗೆದ್ದುಕೊಟ್ಟಿತು. ಅಡ್ಡಗಂಬದ ಕೆಳಗೆ ನುಸುಳುವ ವಿದ್ಯೆ ಅದಕ್ಕಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಚಿತ್ರಕ್ಕೆ ನಿಷ್ಠೆಯಿಂದ ನಡೆದುಕೊಂಡ ಕಾರುಗಳೂ ಇವೆಯೆಂದು ಅಣ್ಣನ ಮಗ ವಾದಿಸಿದ. ಇವೆ. ಆಡಿ ಟಿಟಿ ಎಂಬುದನ್ನು 1995ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ತೋರಿಸಿ, 1998ರಲ್ಲಿ ಹೆಚ್ಚುಕಡಿಮೆ ಅದೇ ರೂಪದಲ್ಲಿ ಮಾರಾಟಕ್ಕೆ ತಂದರು. ಮಗುಚಿದ ಬೋಗುಣಿಯಂಥ ಆ ಬೆನ್ನನ್ನು ಜಗತ್ತೆಲ್ಲ ಹೊಗಳಿತು. ಆಮೇಲೆ ಅತಿವೇಗದಲ್ಲಿ ಹಿಂಭಾಗ ಹಿಡಿತ ತಪ್ಪಿ ಅಪಘಾತಗಳಾಗಿ, ಕೆಲವರ ಪ್ರಾಣವೂ ಹೋಗಿ, ಕಂಪನಿಯೇ ಕಾರುಗಳನ್ನು ಹಿಂದಕ್ಕೆ ಕರೆಸಿ, ಹಿಡಿತ ಕಾಯುವ ಇಲೆಕ್ಟ್ರಾನಿಕ್ ವ್ಯವಸ್ಥೆಯ ಜೊತೆಗೆ ಬೆನ್ನ ಮೇಲೊಂದು ರೆಕ್ಕೆಯನ್ನೂ ಕೂರಿಸಬೇಕಾಯಿತು. ಗಾಳಿಗೆ ಚಿತ್ರಕಲೆಯ ಪರಿಚಯವಿಲ್ಲ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಸಿಯೆರಾದ ಗಾಜು. 1991ರಲ್ಲಿ ಬಂದ ಟಾಟಾ ಸಿಯೆರಾಗೆ ಪಕ್ಕದಲ್ಲಿ ಎರಡೇ ಬಾಗಿಲು. ಹಿಂದೆ ಕುಳಿತವರ ಪಕ್ಕದ ಗಾಜು ದೊಡ್ಡದಾಗಿ ಎದ್ದು, ಚಾವಣಿಯ ಅಂಚಿನಲ್ಲಿ ಬಾಗಿ, ಮೇಲಕ್ಕೇ ಹತ್ತಿಬಿಡುತ್ತಿತ್ತು. ಅದನ್ನು ಇಳಿಸುವಂತಿರಲಿಲ್ಲ. 2020ರ ಆಟೊ ಎಕ್ಸ್‌ಪೊದಲ್ಲಿ ಅದೇ ಹೆಸರಿನ ಕಾನ್ಸೆಪ್ಟೊಂದು ಆ ಬಾಗಿದ ಗಾಜಿನ ನೆನಪನ್ನು ಹೊತ್ತು ನಿಂತಾಗ ನನ್ನ ವಯಸ್ಸಿನವರೆಲ್ಲ ಒಮ್ಮೆ ನಿಟ್ಟುಸಿರು ಬಿಟ್ಟೆವು. 2025ರ ಕೊನೆಯಲ್ಲಿ ಕಾರು ಮಾರಾಟಕ್ಕೆ ಬಂತು. ಈಗ ಹಿಂದಿನವರಿಗೂ ಬಾಗಿಲುಗಳಿವೆ, ಬಾಗಿಲಿನ ಗಾಜು ಇಳಿಯಬೇಕು. ಕೊಡೆಯ ಕಡ್ಡಿಯಂತೆ ಬಾಗಿದ ಗಾಜು ಬಾಗಿಲಿನ ಹೊಟ್ಟೆಯೊಳಗೆ ಇಳಿಯಲಾರದು. ಆದ್ದರಿಂದ ಬಾಗು ಇರಬೇಕಾದ ಜಾಗಕ್ಕೆ ಹೊಳೆಯುವ ಕಪ್ಪು ಬಣ್ಣ ಬಂದಿದೆ, ದೂರದಿಂದ ನೋಡಿದರೆ ಗಾಜೆಂದು ಭ್ರಮೆಯಾಗುವ ಹಾಗೆ. ಇದನ್ನು ಮೋಸವೆನ್ನಲು ನನಗೆ ಮನಸ್ಸಿಲ್ಲ. ಬೋಳುತಲೆಯ ನಮ್ಮ ಮಾಸ್ತರರೊಬ್ಬರು ಹಳೆಯ ಕ್ರಾಪನ್ನು ನೆನೆದು ಜೇಬಿನಲ್ಲಿ ಬಾಚಣಿಗೆ ಇಟ್ಟುಕೊಂಡಿರುತ್ತಿದ್ದರು. ಅವರನ್ನೂ ನಾವು ಮೋಸಗಾರರೆನ್ನಲಿಲ್ಲ.

ಹೀಗೆ ಬಿಟ್ಟದ್ದಕ್ಕೆಲ್ಲ ಕಾರಣವಿದೆ. ನನ್ನ ಜಗಳವಿರುವುದು ಉಳಿಸಿಕೊಂಡದ್ದರ ಜೊತೆ. ಪ್ರದರ್ಶನದ ವೇದಿಕೆಯ ಮೇಲೆ ಮಳೆ ಬರುವುದಿಲ್ಲ, ಅಲ್ಲಿ ಯಾರೂ ಹಿಂದಕ್ಕೆ ಗಾಡಿ ತೆಗೆಯುವುದಿಲ್ಲ, ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಬಾಗಿಲು ತೆಗೆಯುವವರಿಲ್ಲ. ಆ ಲೋಕಕ್ಕೆಂದು ಬರೆದ ಅಂಗೈಯಗಲದ ಹಿಂಗಾಜು, ಪಕ್ಕದ ಮಗುವಿಗೆ ಕಿಟಕಿಯ ಬದಲು ಗೋಡೆಯನ್ನು ತೋರಿಸುವ ಎತ್ತರದ ಬಾಗಿಲು, ಕೈಗೆ ಸಿಗದ ಹಿಡಿ ಇವೆಲ್ಲ ಒಂದೂ ತಪ್ಪದೆ ಶೋರೂಮಿಗೆ ಬರುತ್ತವೆ. ತಿರುಗಿಸುವ ಗುಂಡಿಗಳನ್ನು ಕಿತ್ತು ಪರದೆಯೊಂದನ್ನು ಅಂಟಿಸುವುದಂತೂ ಯಾರೂ ಬಿಡಲೊಲ್ಲದ ಚಾಳಿ. ಫ್ಯಾನಿನ ಗಾಳಿಯನ್ನು ಸ್ವಲ್ಪ ತಗ್ಗಿಸಲು ಮೂರು ಕಡೆ ಒತ್ತಬೇಕಾದ ಕಾರಿನಲ್ಲಿ ನಾನು ಕುಳಿತಿದ್ದೇನೆ. ಅಷ್ಟರಲ್ಲಿ ನೆಗಡಿಯೇ ಬಂದಿತ್ತು. ದುಬಾರಿಯಾದ ಚೆಲುವನ್ನು ಬಿಟ್ಟು ಅಗ್ಗದ ತೊಂದರೆಯನ್ನು ಮಾತ್ರ ಜೋಪಾನವಾಗಿ ಉಳಿಸಿಕೊಳ್ಳುವ ಈ ಕ್ರಮದ ಹಿಂದೆ ಏನೋ ಒಂದು ತತ್ತ್ವವಿರಬೇಕೆಂದು ನನಗೆ ಬಹಳ ದಿನಗಳಿಂದ ಅನ್ನಿಸುತ್ತಿದ್ದು, ಅಂದು ಅಂಗಳದಲ್ಲಿ ಅದು ಇನ್ನೇನು ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅತ್ತೆ ಕರೆದರು.

ಚೆಂಡುಹೂವಿನ ಹಾರವನ್ನು ಎಲ್ಲಿ ಹಾಕುವುದೆಂಬ ಪ್ರಶ್ನೆ ಎದ್ದಿತ್ತು. ಹಳೆಯ ಕಾರುಗಳಲ್ಲಿ ಮುಂದಿನ ಜಾಲರಿಯ ಸರಳುಗಳಿಗೆ ದಾರ ಬಿಗಿದರೆ ಮುಗಿಯುತ್ತಿತ್ತು. ಇದು ವಿದ್ಯುತ್ ಕಾರು. ಗಾಳಿ ನುಗ್ಗಲು ಮುಖದ ಮೇಲೆ ಜಾಲರಿಯೇ ಬೇಡವೆಂದು ಎಲ್ಲವನ್ನೂ ನುಣ್ಣಗೆ ಮುಚ್ಚಿದ್ದರು, ಕಾನ್ಸೆಪ್ಟಿನಲ್ಲಿದ್ದಂತೆಯೇ. ಕನ್ನಡಿಗಳಿಗೆ ಕಟ್ಟೋಣವೆಂದರೆ ಹಾರ ಅಷ್ಟು ಉದ್ದವಿರಲಿಲ್ಲ. ಅತ್ತೆ ಕಾರಿನ ಮುಂದೆ ಬಗ್ಗಿ ಸ್ವಲ್ಪ ಹೊತ್ತು ನೋಡಿದರು. ಚಿತ್ರದ ಕಾರಿಗೆ ಇಲ್ಲದ, ಅರ್ಧ ಮೀಟರು ಅಗಲದ ನಂಬರ್ ಪ್ಲೇಟು ಆ ನುಣುಪಾದ ಮೂಗಿನ ಮೇಲೆ ಗಾಯಕ್ಕೆ ಅಂಟಿಸಿದ ಪಟ್ಟಿಯಂತೆ ಕುಳಿತಿತ್ತು. ಅದರ ಎರಡು ಮೂಲೆಗಳ ಹಿಂದೆ ಬೆರಳು ಹೋಗುವಷ್ಟು ಸಂದಿಯಿತ್ತು. ಅತ್ತೆ ದಾರವನ್ನು ಅಲ್ಲಿ ಸಿಕ್ಕಿಸಿ, ಎರಡು ಸುತ್ತು ಸುತ್ತಿ ಗಂಟು ಹಾಕಿದರು.

"ಅಜ್ಜಿ, ನಂಬರ್ ಮುಚ್ಚಿಹೋಯ್ತು, ಫೈನ್ ಹಾಕ್ತಾರೆ" ಎಂದ ಹುಡುಗ.

"ಇವತ್ತು ಪೊಲೀಸರ ಜೀಪಿಗೂ ಹಾರ ಇರತ್ತೆ, ಸುಮ್ನಿರೋ" ಎಂದು ಅತ್ತೆ ಕೈಯೊರೆಸಿಕೊಂಡು ಹಿಂಬಾಗಿಲ ಬಳಿಗೆ ಹೋಗಿ ನಿಂತರು, ಯಾರಾದರೂ ಬಂದು ತೆಗೆಯಲಿ ಎಂದು.